ಮನೇಲೇ ಇದ್ದಾರಲ್ಲ

(ಇಬ್ಬರಲ್ಲಿ ಒಬ್ಬರು ಶಿಕಾರಿಪುರದಲ್ಲಿ ಡಿಗ್ರಿ ಮಕ್ಕಳಿಗೆ ಇತಿಹಾಸ ಕಲಿಸುವ ಮೇಷ್ಟರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಸೊರಬ ತಾಲ್ಲೂಕಿನ ಹಳ್ಳಿಯವಳು. 2020ರಲ್ಲಿ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು, ಈಗ ಬೆಂಗಳೂರಿನಲ್ಲಿ ಕೆಲಸ. ಹೆಸರು ಬೇಡ ಎಂದು ಇಬ್ಬರೂ ಹೇಳಿದ್ದಾರೆ. ಯಾವುದು ಯಾರ ಮಾತು ಎಂಬುದು ದನಿಯಿಂದಲೇ ತಿಳಿದೀತು.)

— ಕೊರೊನಾದ ಆ ಎರಡು ವರ್ಷದ ಮಾತು ಬಂದ ಕೂಡಲೇ ನಿಮ್ಮ ವಯಸ್ಸಿನವರ ಮುಖ ಸಪ್ಪಗಾಗುತ್ತೆ. ನನಗೊಂದು ಅರ್ಥ ಆಗಲ್ಲ ಮಾರಾಯ್ತಿ. ಪೇಟೆಯಲ್ಲಿ ಒಂದೇ ರೂಮಿನಲ್ಲಿ ನಾಲ್ಕು ಜನ ಬಾಗಿಲು ಹಾಕ್ಕೊಂಡು ಕೂತವರ ಕಷ್ಟ ಬೇರೆ. ನಿಮಗೇನಾಗಿತ್ತು? ತೋಟ ಇತ್ತು, ಗಾಳಿ ಇತ್ತು, ಅಕ್ಕ ಹೊತ್ತುಹೊತ್ತಿಗೆ ಬಡಿಸ್ತಿದ್ದಳು.

— ಮನೇಲೇ ಇದ್ದಾರಲ್ಲ, ಇನ್ನೇನು ಬೇಕು. ಇಷ್ಟೇ ತಾನೆ ನಿಮ್ಮ ಮಾತು? ಅಮ್ಮಂದೂ ಅದೇ ಆಗಿತ್ತು. ಕೇಳೀ ಕೇಳೀ, ನನಗೆ ಯಾವ ಕಷ್ಟವೂ ಇಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ. ಹೊಟ್ಟೆ ತುಂಬ ಉಂಡವಳಿಗೆ ಅಳು ಬಂದ್ರೆ ಏನು ಕಾರಣ ಹೇಳೋದು ಮಾವ?

— ಕಾರಣ ಇಲ್ದೆ ಯಾರೂ ಅಳಲ್ಲ.

— ಈ ಮಾತು ಆಗ ಯಾರಾದ್ರೂ ಹೇಳಿದ್ರೆ ಸಾಕಿತ್ತು. ಸರಿ, ನೀವು ಇತಿಹಾಸದವರು, ತಾರೀಕು ಹಿಡಿದೇ ಹೇಳ್ತೀನಿ. 2020ರ ಮಾರ್ಚ್ 13, ಶುಕ್ರವಾರ. ಕಲಬುರಗಿಯಲ್ಲಿ ದೇಶದ ಮೊದಲ ಸಾವು ಆಗಿತ್ತು. ಮಾರನೇ ದಿನದಿಂದ ಒಂದು ವಾರ ಕಾಲೇಜು, ಥಿಯೇಟರು, ಮಾಲು ಎಲ್ಲ ಬಂದ್ ಅಂತ ಮುಖ್ಯಮಂತ್ರಿ ಹೇಳಿದ್ರು. ನಿಮ್ಮ ಶಿಕಾರಿಪುರದಿಂದ ಗೆದ್ದವರೇ. ಒಂದು ವಾರ ತಾನೆ ಅಂತ ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿ ಬಸ್ ಹತ್ತಿದೆ. ಪುಸ್ತಕ, ರೆಕಾರ್ಡು ಎಲ್ಲ ಹಾಸ್ಟೆಲಿನಲ್ಲೇ. 24ಕ್ಕೆ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಅಂದ್ರು. ಕೊನೆಗೆ ಕಾಲೇಜಿನ ಬಾಗಿಲು ತೆಗೆದದ್ದು ನವೆಂಬರ್ 17ಕ್ಕೆ.

— ಅದರಲ್ಲಿ ಮೊದಲ ಎರಡು ತಿಂಗಳು ನಮ್ಮ ಜಿಲ್ಲೆಯಲ್ಲಿ ಒಂದು ಕೇಸೂ ಇರಲಿಲ್ಲ. ಹಸಿರು ವಲಯ ಅಂತ ಶಿವಮೊಗ್ಗದವರು ಬೀಗುತ್ತಿದ್ರು. ಮೇ 10ಕ್ಕೆ, ಅಹಮದಾಬಾದಿನಿಂದ ಬಂದ ಎಂಟು ಜನರಲ್ಲಿ ಕಾಣಿಸಿಕೊಂಡ ಮೇಲೆ ಲೆಕ್ಕ ಶುರುವಾದದ್ದು.

— ಅಂದ್ರೆ ರೋಗಕ್ಕಿಂತ ಮುಂಚೆ ನಾವು ಊರಿಗೆ ಬಂದಿದ್ವಿ. ಬಂದದ್ದು ಕಷ್ಟ ಅಲ್ಲ, ಹಬ್ಬಕ್ಕೆ ಬಂದಂಗೇ ಇತ್ತು. ಅಮ್ಮ ತೊಡೆದೇವು ಮಾಡಿದ್ಲು. ಹದಿನೈದು ದಿನ ಕಳೆದ ಮೇಲೆ ನಾನು ಮನೆಗೆ ಬಂದವಳಲ್ಲ, ಮನೆಯವಳು ಅಂತಾಯ್ತು. ಕೊಟ್ಟಿಗೆ, ದೋಸೆ ಹಿಟ್ಟು, ಅಜ್ಜಿ ಮಾತ್ರೆ. ಹೈಸ್ಕೂಲಿನಲ್ಲಿ ಬಿಟ್ಟುಹೋಗಿದ್ದ ಕೆಲಸಗಳೆಲ್ಲ ನನಗೇ ಕಾಯ್ತಾ ಇದ್ವು.

— ಕೆಲಸ ಮಾಡಿದ್ರೆ ಮನಸ್ಸು ಕೆಡಲ್ಲ, ಕೆಲಸ ಇಲ್ದಿದ್ರೆ ಕೆಡೋದು.

— ಕೆಲಸದ ಮಾತಲ್ಲ ಅದು. ಇಪ್ಪತ್ತೆರಡು ವರ್ಷದವಳು ಮತ್ತೆ ಹದಿನೈದರವಳಾದೆ. ಎದ್ದಿದ್ದು, ಮಲಗಿದ್ದು, ಫೋನಲ್ಲಿ ನಕ್ಕಿದ್ದು, ಎಲ್ಲದಕ್ಕೂ ಒಬ್ಬರ ಕಣ್ಣು. ಕಣ್ಣಿಟ್ಟವರಿಗೆ ಕೆಟ್ಟ ಮನಸ್ಸಿಲ್ಲ, ಅದೇ ತೊಂದರೆ. ಬೈಯೋಕೂ ಆಗಲ್ಲ.

— ಪಾಠಕ್ಕಂತೂ ನೆಟ್‌ವರ್ಕ್ ಇರಲಿಲ್ಲ, ಅದು ನನಗೆ ಗೊತ್ತು. ನಾನು ಗೂಗಲ್ ಮೀಟಿನಲ್ಲಿ ಕದಂಬರ ಪಾಠ ಮಾಡ್ತಾ ಇದ್ರೆ ಅರವತ್ತು ಹುಡುಗರಲ್ಲಿ ಒಂಬತ್ತು ಜನ ಇರ್ತಿದ್ರು. ಅದರಲ್ಲೂ ಎಷ್ಟೋ ಜನ ಫೋನ್ ಆನ್ ಮಾಡಿಟ್ಟು ಹುಲ್ಲು ಕೊಯ್ಯೋಕೆ ಹೋಗಿರ್ತಿದ್ರು. ಆಮೇಲೆ ಸಾಗರ, ಹೊಸನಗರದ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ರೆ ಮತ ಇಲ್ಲ ಅಂತ ಚಳವಳಿಯನ್ನೇ ಮಾಡಿದ್ರು.

— ಪೇಪರಿನವರು ಅದರದ್ದೇ ಫೋಟೋ ಹಾಕಿದ್ರು, ಗುಡ್ಡದ ಮೇಲೆ ಕೊಡೆ ಹಿಡಿದು ಕೂತ ಹುಡುಗಿ. ನಾನೂ ಹಾಗೇ ಕೂತವಳು. ಮನೆಯಿಂದ ಅರ್ಧ ಮೈಲಿ, ಬ್ಯಾಣ ದಾಟಿದ್ರೆ ಒಂದು ದಿಬ್ಬ. ಅಲ್ಲಿ ಎರಡು ಕಡ್ಡಿ ಸಿಗ್ನಲ್. ಮಳೆ ಹಿಡಿದ ಮೇಲೆ ಕೊಪ್ಪೆ ಹಾಕ್ಕೊಂಡು ಕೂತದ್ದೂ ಉಂಟು. ಆದ್ರೆ ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಿಲ್ಲ. ಮನೆ ಒಳಗೇ ಸಿಗ್ನಲ್ ಬಂದಿದ್ರೆ ನಾನು ಉಳೀತಿರಲಿಲ್ಲ ಅನ್ಸುತ್ತೆ.

— ಏನು ಹಾಗಂದ್ರೆ?

— ಪಾಠ ನೆಪ ಮಾವ. ಆ ದಿಬ್ಬದ ಮೇಲೆ ಯಾರೂ ಇರ್ತಿರಲಿಲ್ಲ. ಕ್ಲಾಸ್ ಮುಗಿದ ಮೇಲೆ ರೂಮ್‌ಮೇಟ್‌ಗೆ ಫೋನ್ ಮಾಡಿ ಅಳ್ತಿದ್ದೆ, ಅವಳೂ ಅಳ್ತಿದ್ಲು, ಆಮೇಲೆ ಇಬ್ಬರೂ ನಗ್ತಿದ್ವಿ. ಮುಖ ತೊಳ್ಕೊಂಡು ಮನೆಗೆ ಬರ್ತಿದ್ದೆ. ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಮರುಕ ಬಂತು, ಮಳೇಲಿ ನೆನೀತಾಳೆ ಅಂತ. ಸಾಲ ಮಾಡಿ ಕೇಬಲ್ ಎಳೆಸಿ ಮನೆಗೇ ವೈಫೈ ಹಾಕಿಸಿದ್ರು. ಊರಿಗೆಲ್ಲ ಹೇಳ್ಕೊಂಡು ಬಂದ್ರು. ನನಗೆ ದಿಬ್ಬಕ್ಕೆ ಹೋಗೋ ನೆಪ ಹೋಯ್ತು. ಅವತ್ತಿನಿಂದ ನಿದ್ದೆ ಕೆಟ್ಟಿತು.

— ಭಾವ ನನಗೂ ಫೋನ್ ಮಾಡಿ ಹೇಳಿದ್ರು, ನಮ್ಮ ಮನೆ ಈಗ ಬೆಂಗಳೂರು ಆಯ್ತು ಅಂತ.

— ಅವರನ್ನ ಏನೂ ಅನ್ನಬೇಡಿ. ಆ ವರ್ಷ ಅವರ ನಿದ್ದೆಯೂ ಕೆಟ್ಟಿತ್ತು.

— ಅದನ್ನೇ ಹೇಳೋಕೆ ಹೊರಟಿದ್ದೆ. ಮಕ್ಕಳ ಮನಸ್ಸು ಮಾತ್ರ ಮನಸ್ಸಾ? ಮೆಕ್ಕೆಜೋಳದ ಬೆಲೆ ಬಿದ್ದು, ಸರ್ಕಾರ ಒಬ್ಬೊಬ್ಬ ಬೆಳೆಗಾರನಿಗೆ 5,000 ರೂಪಾಯಿ ಕೊಡ್ತೀವಿ ಅನ್ನೋ ಸ್ಥಿತಿ ಬಂತು. ನಿಮ್ಮ ಕಡೆ, ಬನವಾಸಿ ಕಡೆ ಅನಾನಸ್ ಕೊಯ್ಯೋರಿಲ್ಲದೆ, ಲಾರಿ ಇಲ್ಲದೆ ಹೊಲದಲ್ಲೇ ಕೊಳೀತು. ಬೆಂಗಳೂರಿನಿಂದ ಹುಡುಗರು ಕೆಲಸ ಬಿಟ್ಟು ಬಂದು ಉದ್ಯೋಗ ಖಾತ್ರಿ ಕೆಲಸಕ್ಕೆ ಹೆಸರು ಬರೆಸಿದ್ರು. ಡಿಗ್ರಿ ಮಾಡಿದವನು ಅಪ್ಪನ ಪಕ್ಕ ನಿಂತು ಕೆರೆ ಹೂಳು ಎತ್ತಿದ.

— ಹೂಳು ಎತ್ತಿದ್ದಕ್ಕೆ ಅವನಿಗೆ ನಾಚಿಕೆ ಆಗಲಿಲ್ಲ, ನನ್ನ ದೊಡ್ಡಪ್ಪನ ಮಗನೇ ಹೋಗಿದ್ದ. ಓದಿಸಿದ್ದು ಇದಕ್ಕೇನಾ ಅಂತ ಅವನ ಅಪ್ಪ ಒಂದು ಸಲ ಗೊಣಗಿದ್ರಲ್ಲ, ಅದು ನಾಟಿತು. ಗಂಡುಹುಡುಗರ ಕತೆ ನಿಮಗೆ ಗೊತ್ತಿಲ್ಲ. ನಮ್ಮ ಪಕ್ಕದ ಮನೆಯವನು ಆನವಟ್ಟಿಯಲ್ಲಿ ಬಿ.ಕಾಂ. ಎರಡನೇ ವರ್ಷ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಪಬ್‌ಜಿ. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನೂ ನಿಷೇಧ ಮಾಡ್ತು. ಅಪ್ಪ ದೀಪ ಹಚ್ಚಿದ್ರಂತೆ, ಮಗ ಇನ್ನು ತೋಟಕ್ಕೆ ಬರ್ತಾನೆ ಅಂತ. ಅವನು ಊಟ ಬಿಟ್ಟ.

— ಆಟದ ಚಟ.

— ನೀವೂ ಹಾಗೇ ಅಂತೀರಾ? ಆ ಆಟದಲ್ಲಿ ನಾಲ್ಕು ಜನ ಮಾತಾಡ್ತಾ ಆಡ್ತಾರೆ. ಅವನ ಜೊತೆ ಆಡ್ತಿದ್ದವರು ಅವನ ಬೆಂಚಿನ ಮೂವರು. ಕಾಲೇಜು ಮುಚ್ಚಿದ ಮೇಲೆ ಅವರು ಒಟ್ಟಿಗೆ ಇದ್ದದ್ದು ಅಲ್ಲಿ ಮಾತ್ರ. ಅದು ಹೋದ ಒಂದು ತಿಂಗಳಿಗೆ ಎದೆ ಹಿಡಿದಂಗೆ ಆಗುತ್ತೆ ಅಂತ ರಾತ್ರಿ ಎದ್ದು ಕೂರೋಕೆ ಶುರುಮಾಡಿದ. ಡಾಕ್ಟರು ಇಸಿಜಿ ತೆಗೆದ್ರು, ಏನೂ ಇಲ್ಲ. ಗ್ಯಾಸ್ಟ್ರಿಕ್ ಅಂದ್ರು, ಮಾತ್ರೆ ಕೊಟ್ರು. ಕಮ್ಮಿ ಆಗದ್ದಕ್ಕೆ ಅವನ ಅಮ್ಮ ತಾಯತ ಕಟ್ಟಿಸಿದ್ರು. ಮತ್ತೆ ಇಸಿಜಿ. ಮತ್ತೆ ಗ್ಯಾಸ್ಟ್ರಿಕ್.

— ನಮ್ಮ ಕಡೆ ಮನಸ್ಸಿನ ಕಾಯಿಲೆ ಎಲ್ಲಾ ಮೊದಲು ಗ್ಯಾಸ್ಟ್ರಿಕ್ಕೇ. ಆಶ್ಚರ್ಯ ಅಂದ್ರೆ ಇದು ಶಿವಮೊಗ್ಗ ಜಿಲ್ಲೆ. ಮನೋವೈದ್ಯರು ಅಂದ್ರೆ ಹೆದರಬೇಕಿಲ್ಲದ ಜಿಲ್ಲೆ. ಅಶೋಕ್ ಪೈ ಅವರು ಶಿವಮೊಗ್ಗದಲ್ಲಿ ಕೂತು ರೋಗಿಗಳನ್ನ ನೋಡಿದ್ರು, ಕತೆ ಬರೆದ್ರು, ಅವರ ಕತೆಯಿಂದ 1988ರಲ್ಲಿ ‘ಕಾಡಿನ ಬೆಂಕಿ’ ಸಿನಿಮಾ ಬಂತು. ಮನಸ್ಸಿಗೂ ಡಾಕ್ಟರು ಇದ್ದಾರೆ ಅಂತ ಮಲೆನಾಡಿನವರಿಗೆ ಗೊತ್ತಾದದ್ದು ಅವರಿಂದ. 2016ರಲ್ಲಿ ತೀರಿಕೊಂಡ್ರು.

— ಗೊತ್ತಿರೋದು ಬೇರೆ, ನಮ್ಮನೆ ಹುಡುಗನನ್ನ ಕರ್ಕೊಂಡು ಹೋಗೋದು ಬೇರೆ. ಅವನನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋದದ್ದು ಎಂಟು ತಿಂಗಳಾದ ಮೇಲೆ. ಊರಿಗೆ ಹೇಳಿದ್ದು ಕಣ್ಣಿನ ಡಾಕ್ಟರ ಹತ್ರ ಅಂತ. ಮೂರು ತಿಂಗಳು ಮಾತ್ರೆ, ನಾಲ್ಕೈದು ಸಲ ಮಾತುಕತೆ. ಹುಷಾರಾದ. ಈಗ ಹಾನಗಲ್ಲಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ನನಗಿಂತ ಜಾಸ್ತಿ ಸಂಪಾದನೆ.

— ತಾಲ್ಲೂಕಾಸ್ಪತ್ರೆಯಲ್ಲೇ ನೋಡ್ತಾರಲ್ಲೇ. ಮನೋಚೈತನ್ಯ ಅಂತ ರಾಜ್ಯದ ಕಾರ್ಯಕ್ರಮ, ಮಂಗಳವಾರ ಜಿಲ್ಲೆಯಿಂದ ಮನೋವೈದ್ಯರು ತಾಲ್ಲೂಕಿಗೆ ಬರ್ತಾರೆ. ಔಷಧಿ ಪುಕ್ಕಟೆ.

— ಪುಕ್ಕಟೆ ಹೌದು. ಸಾಲಿನಲ್ಲಿ ನಿಂತವರನ್ನ ಯಾರು ನೋಡಲ್ಲ ಹೇಳಿ? ನರ್ಸು ಅತ್ತಿಗೆಯ ತಂಗಿ, ಚೀಟಿ ಬರೆಯೋನು ಅಪ್ಪನ ಕ್ಲಾಸ್‌ಮೇಟು. ಸೊರಬದಂಥ ಊರಿನಲ್ಲಿ ಹುಡುಗಿ ಮಂಗಳವಾರ ಆಸ್ಪತ್ರೆಗೆ ಹೋದ್ರೆ ಬುಧವಾರ ಬೀಗರ ಮನೆಗೆ ಸುದ್ದಿ.

— ನಿಮ್ಹಾನ್ಸ್‌ನವರು ಆಗಲೇ ಸಹಾಯವಾಣಿ ಮಾಡಿದ್ರು, 080-46110007. ಈಗ ಟೆಲಿ-ಮಾನಸ್ ಇದೆ, 14416. 2022ರ ಅಕ್ಟೋಬರ್ 10ಕ್ಕೆ ಶುರುವಾಯ್ತು. ಕನ್ನಡದಲ್ಲೇ ಮಾತಾಡ್ತಾರೆ, ಇಡೀ ದಿನ, ಹೆಸರು ಹೇಳಬೇಕಿಲ್ಲ. ನಾನು ಪ್ರತಿ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ಬರೆಸಿದ್ದೀನಿ.

— ಒಳ್ಳೇದು, ಅಳಿಸಬೇಡಿ. ಇವತ್ತು ಒಬ್ಬರಿಗಾದ್ರೂ ಬೇಕಾಗಿರುತ್ತೆ. ಆದ್ರೆ 2020ರಲ್ಲಿ ಕೂತು ಯೋಚನೆ ಮಾಡಿ. ಎಷ್ಟೋ ಮನೇಲಿ ಫೋನ್ ಇರೋದು ಅಪ್ಪಂದು ಒಂದು. ಮನೆ ಅಂದ್ರೆ ನಡುಮನೆ, ಅಡುಗೆಮನೆ, ಜಗುಲಿ. ಎಲ್ಲರೂ ಮನೇಲಿ. ಯಾವ ಮೂಲೆಯಲ್ಲಿ ನಿಂತು ನನಗೆ ಬದುಕು ಬೇಡ ಅನ್ಸುತ್ತೆ ಅಂತ ಹೇಳೋದು?

— ಅದು ನಿಜ ಕಣೇ. ಎರಡನೇ ಅಲೆಯಲ್ಲಿ ಮೇಷ್ಟ್ರುಗಳಿಗೆ ಪಟ್ಟಿ ಹಂಚಿದ್ವಿ, ಒಬ್ಬೊಬ್ಬರು ಇಪ್ಪತ್ತು ಮೂವತ್ತು ಮಕ್ಕಳಿಗೆ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸೋದು ಅಂತ. 2021ರ ಮೇ, ದಿನಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸುದ್ದಿ ಕೇಳಿ ನನಗೇ ಕೈ ನಡುಗ್ತಿತ್ತು. ಫೋನ್ ಮಾಡಿದ್ರೆ ಅಪ್ಪ ಎತ್ತೋರು. ಕಾಲೇಜಿನಿಂದ ಮೇಷ್ಟ್ರು ಅಂದ ಕೂಡಲೇ ಗೌರವಕ್ಕೆ ಸ್ಪೀಕರ್‌ಗೆ ಹಾಕೋರು. ಹೇಗಿದ್ದೀಯಪ್ಪ ಅಂದ್ರೆ ಹಿಂದಿನಿಂದ ಒಂದು ದನಿ, ಚೆನ್ನಾಗಿದೀನಿ ಸಾರ್. ಪಟ್ಟಿಯಲ್ಲಿ ಎಲ್ಲರ ಮುಂದೂ ಚೆನ್ನಾಗಿದ್ದಾರೆ ಅಂತ ಬರೆದೆ. ಒಬ್ಬ ಹುಡುಗಿ ಮಾತ್ರ, ಸಾರ್, ನಾನು ನಾಳೆ ನೋಟ್ಸ್ ಕೇಳೋಕೆ ಫೋನ್ ಮಾಡ್ಲಾ ಅಂದಳು. ಮಾರನೇ ದಿನ ಯಾರದೋ ನಂಬರಿನಿಂದ ಮಾಡಿದಳು. ಮದುವೆ ಗೊತ್ತಾಗಿತ್ತು.

— ಐವತ್ತು ಜನರ ಮದುವೆ.

— ಹೌದು, ಐವತ್ತು ಜನಕ್ಕಿಂತ ಜಾಸ್ತಿ ಸೇರಬಾರದು ಅಂತ ಸರ್ಕಾರ ಅಂದದ್ದು ಸೋಂಕು ತಡೆಯೋಕೆ. ಜನ ಓದಿಕೊಂಡದ್ದು ಬೇರೆ: ಛತ್ರ ಬೇಡ, ಸಾವಿರ ಎಲೆ ಹಾಕೋದು ಬೇಡ, ಈಗಲೇ ಮುಗಿಸಿದ್ರೆ ಎರಡು ಲಕ್ಷ ಉಳೀತು. ಕೊನೇ ವರ್ಷದ ಹುಡುಗಿಯರು ನಾಲ್ಕು ಜನ ಪರೀಕ್ಷೆಗೆ ಬರೋ ಹೊತ್ತಿಗೆ ತಾಳಿ ಕಟ್ಟಿಸಿಕೊಂಡಿದ್ರು. ಒಬ್ಬಳಿಗೆ ಅತ್ತೆ ಮನೆಯಿಂದ ಬಸ್ ಚಾರ್ಜು ಕೊಟ್ಟಿರಲಿಲ್ಲ. ಅವಳು ಮಾಡಿದ್ದ ಮಯೂರಶರ್ಮನ ಸೆಮಿನಾರು ನನಗೆ ಇನ್ನೂ ನೆನಪಿದೆ.

— ಆ ಮಯೂರಶರ್ಮನೂ ಓದು ಅರ್ಧಕ್ಕೇ ಬಿಟ್ಟವನಲ್ಲವಾ?

— ಬಿಟ್ಟ. ನಿಮ್ಮ ನಮ್ಮ ನಡುವೆ ಇರೋ ತಾಳಗುಂದದ ಹುಡುಗ, ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ, ಅಲ್ಲೊಬ್ಬ ಪಲ್ಲವ ಕುದುರೆಸವಾರನ ಜೊತೆ ಜಗಳವಾಯ್ತು, ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡಿದ. ಕುಬ್ಜ ಅನ್ನೋ ಕವಿ ಅದನ್ನೆಲ್ಲ ಕಂಬದ ಮೇಲೆ ಬರೆದಿಟ್ಟಿದ್ದಾನೆ. ಈ ನೆಲವೇ ಹಾಗೆ. ಅಕ್ಕಮಹಾದೇವಿ ಉಡುತಡಿ ಬಿಟ್ಟು ಹೋದಳು, ಅಲ್ಲಮ ಬಳ್ಳಿಗಾವಿ ಬಿಟ್ಟು ಹೋದ. ಹದಿನೈದು ಮೈಲಿ ಸುತ್ತಳತೆಯಲ್ಲಿ ಮನೆ ಬಿಟ್ಟು ಹೋದವರಿಗೆಲ್ಲ ನಾವೀಗ ಕೈ ಮುಗೀತೀವಿ.

— ಹೋದವರ ಪೂಜೆ ಮಾಡ್ತೀರಿ, ಇರೋ ಹುಡುಗಿ ಸಂಜೆ ಆರಕ್ಕೆ ಬರದಿದ್ರೆ ಫೋನ್ ಮೇಲೆ ಫೋನ್. ಇರಲಿ. ನಾನು ಕಳಕೊಂಡದ್ದು ಏನು ಅಂತ ಕೇಳಿದ್ರಲ್ಲ, ಪಾಠ ಅಲ್ಲ. ಪಾಠ ಪಿಡಿಎಫ್‌ನಲ್ಲಿ ಬಂತು. ಡಿಗ್ರಿ ಓದೋವಾಗ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ರೆ ಕ್ಲಾಸು ಹತ್ತಕ್ಕೆ. ಮೂರೂವರೆಗೆ ಕ್ಲಾಸು ಮುಗಿದ್ರೆ ಬಸ್ಸು ಐದಕ್ಕೆ. ಆ ಹೊತ್ತಿನಲ್ಲಿ ನಾನು ಯಾರ ಮಗಳೂ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂತಾ ಒಬ್ಬಳು ತನ್ನ ಮನೆ ಕತೆ ಹೇಳ್ತಾಳೆ, ಇನ್ನೊಬ್ಬಳು ನಮ್ಮನೇಲೂ ಹಾಗೇ ಅಂತಾಳೆ. ಅಷ್ಟೇ ಮಾವ. ಅದಕ್ಕೆ ಯಾವ ಡಾಕ್ಟರೂ ಬೇಕಿರಲಿಲ್ಲ. ಸರ್ಕಾರ ಪಾಠಕ್ಕೆ ಬದಲಿ ಹುಡುಕಿತು, ಪರೀಕ್ಷೆಗೆ ಬದಲಿ ಹುಡುಕಿತು. 2021ರ ಜೂನ್‌ನಲ್ಲಿ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಹಂಚಿತು. ಆ ಒಂದೂವರೆ ಗಂಟೆಗೆ ಬದಲಿ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

— ಹೊಳೆದಿದ್ರೂ ಏನು ಮಾಡಬಹುದಿತ್ತು? ಜನ ಸಾಯ್ತಿದ್ರು. ನೀನು ಮಂಡಕ್ಕಿ ತಿನ್ನೋಕೆ ಬಸ್ ಸ್ಟ್ಯಾಂಡ್ ತೆಗೆದಿಡಬೇಕಿತ್ತಾ? ರೋಗಕ್ಕೆ ಹೆದರೋದು ಗೊತ್ತಿರೋ ಊರು ನಿಂದು. ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಆಮೇಲೆ ಜನ ಜ್ವರ ಹಿಡಿದು ಸತ್ತದ್ದಕ್ಕೇ ಅಲ್ವಾ ಆ ಕಾಯಿಲೆಗೆ ಪ್ರಪಂಚದಲ್ಲೆಲ್ಲ ಕ್ಯಾಸನೂರು ಅಂತ ಹೆಸರು ಬಿದ್ದದ್ದು?

— ಅದನ್ನೇ ತಗೊಳ್ಳಿ. ಮಂಗನ ಕಾಯಿಲೆ ಬಂದ ವರ್ಷ ಅಜ್ಜಿ ಏನಂತಿದ್ಲು? ಕಾಡಿಗೆ ಹೋಗಬೇಡ, ದರಗು ತರಬೇಡ, ಹೋದ್ರೆ ಡಿಎಂಪಿ ಎಣ್ಣೆ ಹಚ್ಚಿಕೊ, ಬಂದ ಮೇಲೆ ಉಣುಗು ಹತ್ತಿದೆಯಾ ಅಂತ ಮೈ ನೋಡ್ಕೊ. ದೂರ ಇರಬೇಕಾದ್ದು ಕಾಡಿನಿಂದ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟಲ್ಲ. ಜ್ವರ ಬಂದವರ ಮನೆಗೆ ಊರಿನವರೆಲ್ಲ ಹೋಗಿ ಕೂರೋರು, ಗಂಜಿ ಕೊಡೋರು. ಕೊರೊನಾದಲ್ಲಿ ಹೆದರಬೇಕಾದ್ದು ಜೊತೆಯವರಿಗೇ. ಹೆದರಿಕೆ ಹಳೇದಿರಬಹುದು, ಒಬ್ಬರೇ ಕೂತು ಹೆದರೋದು ಹೊಸದಾಗಿತ್ತು. ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ ಮಾವ. ಏಪ್ರಿಲ್‌ನಲ್ಲಿ ಮುಚ್ಚಲೇಬೇಕಿತ್ತು. ಆದ್ರೆ ಆಮೇಲೆ ಒಂದೊಂದೇ ತೆಗೀತಾ ಬಂದ್ರಲ್ಲ, ಆ ಸರದಿ ನೋಡಿ. ಮೊದಲು ಎಣ್ಣೆ ಅಂಗಡಿ, ಮದುವೆ, ಬಸ್ಸು, ಆಮೇಲೆ ದೇವಸ್ಥಾನ, ಹೋಟೆಲ್ಲು, ಸಿನಿಮಾ. ಕಾಲೇಜು ಕೊನೆಗೆ.

— ಪರೀಕ್ಷೆ ಅಂತೂ ಮಾಡಿಯೇ ಮಾಡಿದ್ರು ಬಿಡು.

— ಅದು ಇನ್ನೊಂದು. ಜುಲೈ 6ಕ್ಕೆ ಯುಜಿಸಿ ಕೊನೇ ವರ್ಷದವರಿಗೆ ಪರೀಕ್ಷೆ ಆಗಲೇಬೇಕು ಅಂತು. ಕೋರ್ಟಿಗೆ ಹೋದ್ರು. ಆಗಸ್ಟ್ 28ಕ್ಕೆ ಸುಪ್ರೀಂ ಕೋರ್ಟ್ ಪರೀಕ್ಷೆ ಇಲ್ಲದೆ ಪದವಿ ಇಲ್ಲ ಅಂತು. ಅಲ್ಲಿವರೆಗೆ ಇದೆ, ಇಲ್ಲ, ಇದೆ, ಇಲ್ಲ. ಓದೋದಾ, ಬಿಡೋದಾ? ನಮ್ಮಂಥ ನಡು ವರ್ಷದವರನ್ನ ಪರೀಕ್ಷೆ ಇಲ್ಲದೆ ಪಾಸು ಮಾಡಿದ್ರು. ಖುಷಿಯಾಯ್ತು, ಸುಳ್ಳು ಯಾಕೆ. ಕೆಲಸದ ಸಂದರ್ಶನಕ್ಕೆ ಹೋದಾಗ ಒಬ್ಬರು ಮಾರ್ಕ್ಸ್ ಕಾರ್ಡ್ ನೋಡಿ, ಓ ಕೊರೊನಾ ಬ್ಯಾಚಾ ಅಂತ ನಕ್ಕರು. ಪ್ರಾಕ್ಟಿಕಲ್ಲು ವಿಡಿಯೋದಲ್ಲಿ ನೋಡಿದವಳು ನಾನು. ಏನು ಉತ್ತರ ಕೊಡೋದು? ಆ ನಗು ಇವತ್ತಿಗೂ ಲ್ಯಾಬಿನಲ್ಲಿ ಏನಾದ್ರೂ ಒಡೆದಾಗ ಕೇಳುತ್ತೆ.

— ನಾನು ಅಂಕಿಸಂಖ್ಯೆ ನೋಡಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 2019ರಲ್ಲಿ 10,335. 2020ರಲ್ಲಿ 12,526. 2021ರಲ್ಲಿ 13,089.

— ಆ ಲೆಕ್ಕ ಹೇಳಿ ಲಾಕ್‌ಡೌನ್ ಹೀಗೆ ಮಾಡ್ತು ಅಂತ ಭಾಷಣ ಮಾಡಬೇಡಿ ದಯವಿಟ್ಟು. ಅದು ಮುಂಚಿನಿಂದಲೂ ಏರ್ತಾ ಇದ್ದದ್ದು. ಒಬ್ಬರು ಯಾಕೆ ಹಾಗೆ ಮಾಡಿಕೊಂಡ್ರು ಅನ್ನೋದಕ್ಕೆ ಒಂದೇ ಕಾರಣ ಇರಲ್ಲ, ಪೊಲೀಸರು ಬರೆಯೋ ಖಾನೆಯಲ್ಲಿ ಒಂದೇ ಬರೆಯೋಕೆ ಜಾಗ ಇರುತ್ತೆ ಅಷ್ಟೆ.

— ಭಾಷಣ ಮಾಡಲ್ಲ. ಆದ್ರೆ ಆ ಸಂಖ್ಯೆ ನೋಡಿ ಸುಮ್ಮನಿರೋಕೂ ಆಗಲ್ಲ. ನಿಮ್ಹಾನ್ಸ್‌ನವರು 2015–16ರಲ್ಲಿ ದೇಶದ ಮನೋಸ್ವಾಸ್ಥ್ಯ ಸಮೀಕ್ಷೆ ಮಾಡಿದ್ರಲ್ಲ, ಚಿಕಿತ್ಸೆ ಬೇಕಾದವರಲ್ಲಿ ಶೇಕಡಾ 70ರಿಂದ 92ರವರೆಗೆ ಚಿಕಿತ್ಸೆಯೇ ಸಿಗ್ತಿಲ್ಲ ಅಂದ್ರು. ಅದು ಕೊರೊನಾ ಇಲ್ಲದ ಕಾಲದ್ದು. ಕಾಯ್ದೆಯೂ 2017ರಲ್ಲಿ ಬಂತು: ಜೀವ ಕಳಕೊಳ್ಳೋಕೆ ಹೋದವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತ ನೋಡಬೇಕು, ಶಿಕ್ಷೆ ಕೊಡಬಾರದು, ಆರೈಕೆ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಇನ್ನೂ ಪೊಲೀಸ್ ಕೇಸಾಗುತ್ತೆ ಅಂತ ಮುಚ್ಚಿಡ್ತಾರೆ. ಗದ್ದೆಗೆ ಹೊಡೆಯೋ ಔಷಧಿ ಅಟ್ಟದ ಮೇಲಿಡಬೇಡಿ, ಬೀಗ ಹಾಕಿ ಅಂತ ನಾನು ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಹೇಳ್ತೀನಿ. ಇತಿಹಾಸದ ಮೇಷ್ಟ್ರು ಇದನ್ನ ಯಾಕೆ ಹೇಳ್ತಾರೆ ಅಂತ ನೋಡ್ತಾರೆ.

— ಹೇಳ್ತಾನೇ ಇರಿ.

— ನಿನ್ನ ಬಸ್ ಸ್ಟ್ಯಾಂಡಿನ ಮಾತು ಕೇಳಿ ನನಗೆ ಬಳ್ಳಿಗಾವಿ ನೆನಪಾಯ್ತು. ಕೇದಾರೇಶ್ವರ ಗುಡಿ ಹತ್ರ ಕೋಡಿಯ ಮಠ ಅಂತ ಇತ್ತು, ಕಾಳಾಮುಖರದ್ದು. 1162ರ ಶಾಸನದಲ್ಲಿ ಆ ಮಠ ಏನೇನು ಮಾಡ್ತಿತ್ತು ಅಂತ ಉದ್ದಕ್ಕೆ ಬರೆದಿದ್ದಾರೆ. ನಾಲ್ಕು ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ, ಇದೆಲ್ಲ ಕಲಿಸೋದು ಒಂದು. ಅದರ ಜೊತೆಗೇ, ಅದೇ ಉಸಿರಿನಲ್ಲಿ, ದೀನರು, ಕುರುಡರು, ಕುಂಟರು, ಕಿವುಡರು, ಹಾಡೋರು, ಕುಣಿಯೋರು ಇವರಿಗೆಲ್ಲ ಅನ್ನ ಹಾಕೋ ಜಾಗ ಅದು. ಗತಿಯಿಲ್ಲದ ರೋಗಿಗಳಿಗೆ ಔಷಧಿ ಕೊಡೋ ಜಾಗ. ಕೊನೆಗೆ, ಎಲ್ಲ ಜೀವಿಗಳಿಗೂ ಅಭಯ ಸಿಗೋ ಜಾಗ ಅಂತ ಬರೆದಿದ್ದಾರೆ. ಪಾಠ, ಊಟ, ಔಷಧಿ, ಅಭಯ. ನಾಲ್ಕೂ ಒಂದೇ ಮಾಡಿನ ಕೆಳಗೆ. ನಾನು ಇಪ್ಪತ್ತು ವರ್ಷದಿಂದ ಆ ಶಾಸನ ಪಾಠ ಮಾಡ್ತಿದ್ದೀನಿ, ವ್ಯಾಕರಣದ ಪಟ್ಟಿ ಬಾಯಿಪಾಠ ಮಾಡಿಸ್ತೀನಿ.

— ಆ ಮಠದಲ್ಲಿ ಹುಡುಗಿಯರು ಓದ್ತಿದ್ರಾ?

— ಶಾಸನದಲ್ಲಿ ಹಾಗೇನೂ ಇಲ್ಲ.

— ಹಾಗಾದ್ರೆ ಅಷ್ಟೊಂದು ಹೊಗಳಬೇಡಿ. ಆದ್ರೆ ಪಟ್ಟಿ ಸರಿಯಾಗಿದೆ. ನಮ್ಮ ಹಾಸ್ಟೆಲ್ಲೂ ಅದೇ ಆಗಿತ್ತು ನನಗೆ. ಬಿಸಿಎಂ ಹಾಸ್ಟೆಲಿನಲ್ಲಿದ್ದ ಹುಡುಗಿಯರಿಗೆ ಇನ್ನೂ ಜಾಸ್ತಿ. ಮನೇಲಿ ಎರಡು ಹೊತ್ತು ಉಣ್ಣೋ ಹುಡುಗಿಗೆ ಅಲ್ಲಿ ಮೂರು ಹೊತ್ತು. ಅವರು ಊರಿಗೆ ಹೋದ ಮೇಲೆ ಎಷ್ಟೋ ಹಾಸ್ಟೆಲನ್ನೇ ಕ್ವಾರಂಟೈನ್ ಕೇಂದ್ರ ಮಾಡಿದ್ರು. ಅವಶ್ಯ ಇತ್ತು, ಸರಿ. ತನ್ನ ಮಂಚದ ಮೇಲೆ ಯಾರೋ ಮಲಗಿದ್ದಾರೆ ಅಂತ ಟಿವಿಯಲ್ಲಿ ನೋಡಿದವಳಿಗೆ ತನ್ನ ಜಾಗ ಹೋಯ್ತು ಅನ್ಸುತ್ತೆ.

— ಅದಕ್ಕೇ ಕೇಳ್ತಿದ್ದೀನಿ. ಈಗ ಕಾಲೇಜಿನಲ್ಲಿ ಆಪ್ತಸಮಾಲೋಚನೆಗೆ ಅಂತ ಒಂದು ಕೋಣೆ ಮಾಡ್ತಿದ್ದೀವಿ. ಪ್ರಿನ್ಸಿಪಾಲರ ಚೇಂಬರ್ ಪಕ್ಕ. ನಾನೇ ಕೂರೋದು ಅಂತಾಗಿದೆ.

— ಅಯ್ಯೋ, ಬೇಡ.

— ಯಾಕೆ?

— ಇಂಟರ್ನಲ್ ಮಾರ್ಕ್ಸ್ ಹಾಕೋರು ಕೂತ್ರೆ ಯಾವ ಹುಡುಗ ಬಂದು ನನಗೆ ಓದೋಕಾಗ್ತಿಲ್ಲ ಸಾರ್ ಅಂತಾನೆ? ಚೇಂಬರ್ ಪಕ್ಕವೂ ಬೇಡ. ಮೇಲೆ ಬೋರ್ಡಂತೂ ಬೇಡವೇ ಬೇಡ. ಸ್ಕಾಲರ್‌ಶಿಪ್ ಅರ್ಜಿ ತಗೊಳ್ಳೋ ಕಿಟಕಿ ಇದೆಯಲ್ಲ, ಆ ಸಾಲಿನಲ್ಲಿ ಎಲ್ಲರೂ ನಿಂತಿರ್ತಾರೆ. ಅದರ ಹಿಂದಿನ ಕೋಣೆ ಮಾಡಿ. ಯಾರು ಯಾಕೆ ಒಳಗೆ ಹೋದ್ರು ಅಂತ ಗೊತ್ತಾಗಬಾರದು.

— ಅಲ್ಲಿ ಹಳೇ ಉತ್ತರಪತ್ರಿಕೆ ಗಂಟು ಇದೆ.

— ತೂಕಕ್ಕೆ ಹಾಕಿ.

— ಕೂರೋರು ಯಾರು ಮತ್ತೆ? ಕೌನ್ಸೆಲರ್ ಹುದ್ದೆ ಇಲ್ಲ ನಮಗೆ.

— ಮಂಗಳವಾರ ಬರ್ತಾರೆ ಅಂದ್ರಲ್ಲ, ಆ ಜಿಲ್ಲಾ ತಂಡದಲ್ಲಿ ಮನೋವೈದ್ಯರು ಮಾತ್ರ ಅಲ್ಲ, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರೂ ಇರ್ತಾರೆ. ಆಸ್ಪತ್ರೆ ಮುಗಿದ ಮೇಲೆ ಕಾಲೇಜಿಗೆ ಬನ್ನಿ ಅಂತ ಬರೆದು ಕೇಳಿ. ತಿಂಗಳಿಗೆ ಒಂದು ಸಲ ಬಂದ್ರೂ ಸಾಕು. ಮೂರೂವರೆಯಿಂದ ಐದರವರೆಗೆ. ಬಸ್ ಬರೋವರೆಗೆ. ಐದಾದ ಮೇಲೆ ಒಬ್ಬರೂ ಇರಲ್ಲ, ಕ್ಲಾಸ್ ಬಿಡಿಸಿ ಕಳಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ.

— ಮಂಗಳವಾರ ಮೂರೂವರೆಗೆ ಕೊನೇ ವರ್ಷದ ಬಿ.ಎ.ಗೆ ಕ್ಲಾಸಿದೆ.

— ಬೇರೆ ದಿನಕ್ಕೆ ಹಾಕಿ.

— ಅಷ್ಟು ಸುಲಭ ಅಲ್ಲ ಕಣೇ. ಟೈಮ್‌ಟೇಬಲ್ ಕಮಿಟಿ ಒಪ್ಪಬೇಕು.

— ಅದರ ಮುಖ್ಯಸ್ಥರು ಯಾರು?

— ನಾನೇ.